ಗಜಕರ್ಣದ ಮದ್ದು: ಗೋವಾ ಪುಡಿಯಿಂದ ಗೋರೆಗಾಂವಿನ ಔಷಧದಂಗಡಿಯವರೆಗೆ

ಮುಂಬಯಿಯ ವೈದ್ಯಚರಿತ್ರೆಯನ್ನು ಬರೆದವರು 1896ರ ಪ್ಲೇಗಿಗೂ ಅನಂತರದ ಇನ್‌ಫ್ಲುಯೆಂಜಾ ಪಿಡುಗಿಗೂ ಸಲ್ಲಬೇಕಾದ ಗಮನವನ್ನು ಸಲ್ಲಿಸಿದ್ದಾರೆ. ಪ್ರಾಣಹಾನಿ ಮಾಡುವ ರೋಗಗಳಿಗೆ ಸರಕಾರಿ ವರದಿಗಳಿರುತ್ತವೆ, ಅಂಕಿ ಅಂಶಗಳಿರುತ್ತವೆ, ಸ್ಮಾರಕಗಳೂ ಇರುತ್ತವೆ. ಕೊಲ್ಲದೆ ಕಾಡುವ ರೋಗಗಳಿಗೆ ಇಂತಹ ದಾಖಲೆಗಳ ಭಾಗ್ಯವಿಲ್ಲ. ತೊಡೆಸಂದಿ, ಸೊಂಟ, ಕಂಕುಳು, ಕಾಲ್ಬೆರಳ ಸಂದು ಹಾಗೂ ಉಗುರುಗಳನ್ನು ಆಶ್ರಯಿಸಿ ವರ್ಷಗಟ್ಟಲೆ ಉಳಿಯುವ ಶಿಲೀಂಧ್ರ ರೋಗಗಳು ಈ ವರ್ಗಕ್ಕೆ ಸೇರಿದವು. ಇವುಗಳ ಮದ್ದಿನ ಚರಿತ್ರೆ ಚದುರಿಹೋಗಿದೆ. ಅದರ ಒಂದು ಭಾಗ ಸಸ್ಯನಾಮಗಳಲ್ಲಿ, ಮತ್ತೊಂದು ಭಾಗ ವ್ಯಾಪಾರದ ಹೆಸರುಗಳಲ್ಲಿ, ಇನ್ನೊಂದು ಭಾಗ ಪ್ರಯೋಗಾಲಯಗಳ ಸಂಕೇತಗಳಲ್ಲಿ ಅಡಗಿದೆ. ಈ ಚದುರಿದ ಸಂಗತಿಗಳನ್ನು ಗೋರೆಗಾಂವನ್ನು ನಡುಬಿಂದುವಾಗಿ ಇಟ್ಟುಕೊಂಡು ಒಂದೆಡೆ ಜೋಡಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಗೋರೆಗಾಂವನ್ನೇ ಆರಿಸಿಕೊಳ್ಳಲು ಕಾರಣಗಳಿವೆ. ಪಶ್ಚಿಮ ರೈಲುಮಾರ್ಗದ ಈ ಉಪನಗರ ಕರಾವಳಿಯಿಂದ ವಲಸೆ ಬಂದ ಕನ್ನಡಿಗರ ಹಾಗೂ ತುಳುವರ ನೆಲೆಗಳಲ್ಲಿ ಒಂದು. ಗೋರೆಗಾಂವ್ ಕರ್ನಾಟಕ ಸಂಘ ಅಲ್ಲಿನ ಕನ್ನಡ ಬದುಕಿನ ಸಾಕ್ಷಿಯಾಗಿದೆ. ಸ್ವಾತಂತ್ರ್ಯೋತ್ತರ ಭಾರತದ ಔಷಧ ಸಂಶೋಧನೆಯ ಪ್ರಮುಖ ಕೇಂದ್ರವೊಂದು 1963ರಲ್ಲಿ ಆರಂಭವಾದುದೂ ಇಲ್ಲಿಯೇ. ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಮಿಗಿಲಾದ ಮಳೆಯನ್ನು ನಾಲ್ಕು ತಿಂಗಳಲ್ಲಿ ಪಡೆಯುವ, ಒಗೆದ ಬಟ್ಟೆ ಒಣಗಲು ಜಾಗ ಸಾಲದ ಕಿರಿದಾದ ಕೋಣೆಗಳಲ್ಲಿ ಹಲವರು ಒಟ್ಟಿಗೆ ಬಾಳುವ ಈ ಊರಿನಲ್ಲಿ ರೋಗಕ್ಕಂತೂ ಕೊರತೆಯಿರಲಿಲ್ಲ.

1. ರೋಗದ ಹೆಸರುಗಳು

ಪ್ರಾಚೀನ ವೈದ್ಯಗ್ರಂಥಗಳು ದದ್ರು ಎಂಬ ಹೆಸರಿನಲ್ಲಿ ಈ ರೋಗವನ್ನು ಕುಷ್ಠಗಳ ಸಾಲಿನಲ್ಲಿ ಸೇರಿಸಿವೆ. ಚರಕನು ಅದನ್ನು ಕ್ಷುದ್ರಕುಷ್ಠವೆಂದೂ ಸುಶ್ರುತನು ಮಹಾಕುಷ್ಠವೆಂದೂ ಎಣಿಸಿರುವುದು ಗಮನಾರ್ಹ. ಸಿಧ್ಮದ ವಿಷಯದಲ್ಲಿ ಈ ಇಬ್ಬರ ಎಣಿಕೆ ತಿರುವುಮುರುವಾಗಿದೆ. ಕುಷ್ಠವೆಂಬ ಪದ ಆಗ ಚರ್ಮವ್ಯಾಧಿಗಳೆಲ್ಲಕ್ಕೂ ಸಲ್ಲುವ ವ್ಯಾಪಕ ಪದವಾಗಿದ್ದರಿಂದ ಈ ಭಿನ್ನಾಭಿಪ್ರಾಯಕ್ಕೆ ಅವಕಾಶವಿತ್ತು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕದಿಂದ ಮೊದಲ್ಗೊಂಡು ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆಯೊಂದು ಬೆಳೆದುಬಂದಿದೆಯಾದರೂ ಜನರ ಬಾಯಲ್ಲಿ ಉಳಿದ ಹೆಸರುಗಳ ದಾರಿ ಬೇರೆ.

ಕನ್ನಡದಲ್ಲಿ ಬಳಕೆಯಲ್ಲಿರುವ ಗಜಕರ್ಣ, ಹುಳುಕಡ್ಡಿ, ಸಿಬ್ಬ, ಇಸುಬು, ಕಜ್ಜಿ ಎಂಬ ಪದಗಳನ್ನು ಜನಸಾಮಾನ್ಯರು ಒಂದಕ್ಕೆ ಬದಲಾಗಿ ಇನ್ನೊಂದನ್ನು ಬಳಸುವುದುಂಟು. ವೈದ್ಯಕೀಯವಾಗಿ ನೋಡಿದರೆ ಗಜಕರ್ಣ ಮತ್ತು ಹುಳುಕಡ್ಡಿ ಶಿಲೀಂಧ್ರದಿಂದ ಬರುವ ರೋಗಗಳು. ಸಿಬ್ಬವೂ ಅಂತಹುದೇ, ಆದರೆ ಬೇರೆ ಜಾತಿಯ ಶಿಲೀಂಧ್ರದಿಂದ ಬರುವುದು. ಕಜ್ಜಿ ಸೂಕ್ಷ್ಮವಾದ ನುಸಿಯಿಂದ ಬರುವುದು. ಇಸುಬು ಚರ್ಮದ ಉರಿಯೂತ. ಹುಳುಕಡ್ಡಿ ಎಂಬ ಪದದೊಳಗೆ ಹುಳು ಇದೆ. ಇಂಗ್ಲಿಷಿನ ರಿಂಗ್‌ವರ್ಮ್ ಎಂಬ ಪದದಲ್ಲಿಯೂ ಅದೇ ಹುಳು ಇದೆ. ರೋಗಕ್ಕೆ ಕಾರಣ ಹುಳುವಲ್ಲ, ಬೂಷ್ಟಿನ ಬಳಗಕ್ಕೆ ಸೇರಿದ ಶಿಲೀಂಧ್ರ ಎಂಬುದನ್ನು 1840ರ ದಶಕದಲ್ಲಿ ಪ್ಯಾರಿಸಿನಲ್ಲಿದ್ದ ಡೇವಿಡ್ ಗ್ರೂಬಿ ತೋರಿಸಿಕೊಟ್ಟನು. ಗಜಕರ್ಣವೆಂಬ ಪದ ಕನ್ನಡ ಮರಾಠಿಗಳೆರಡರಲ್ಲಿಯೂ ಒಂದೇ ಆಗಿರುವುದರಿಂದ ಗೋರೆಗಾಂವಿನ ಕನ್ನಡಿಗನಿಗೆ ಅಂಗಡಿಯಲ್ಲಿ ಮದ್ದು ಕೇಳಲು ಭಾಷೆಯ ತೊಡಕು ಎಂದೂ ಇರಲಿಲ್ಲ. ಕೊಟ್ಟ ಮದ್ದಿನೊಳಗೆ ಏನಿದೆಯೆಂದು ತಿಳಿಯುವುದೇ ತೊಡಕಾಗಿತ್ತು. ಈ ಲೇಖನದ ಮುಖ್ಯ ಪ್ರತಿಪಾದನೆ ಇದೇ ಸಂಗತಿಗೆ ಸಂಬಂಧಿಸಿದ್ದು.

2. ಚಕ್ರಮರ್ದ ಮತ್ತು ಗೋವಾ ಪುಡಿ

ಮೊದಲ ಮಳೆ ಬಿದ್ದೊಡನೆ ಆರೆ ಕಾಲೊನಿಯ ಬಯಲುಗಳಲ್ಲಿಯೂ ಪಶ್ಚಿಮ ಕರಾವಳಿಯ ಉದ್ದಕ್ಕೂ ಹುಲುಸಾಗಿ ಹುಟ್ಟುವ ಕಳೆಗಿಡವೊಂದನ್ನು ಕನ್ನಡದಲ್ಲಿ ತಗಚೆ ಅಥವಾ ಚಗಟೆ ಎನ್ನುತ್ತಾರೆ. ಮರಾಠಿಯಲ್ಲಿ ಅದು ಟಾಕಳಾ, ತುಳುವಿನಲ್ಲಿ ತಜಂಕ್. ಆಟಿ ತಿಂಗಳಲ್ಲಿ ತುಳುವರು ಅದರ ಎಳೆಯ ಸೊಪ್ಪನ್ನು ಅಡುಗೆಗೆ ಬಳಸುವರು. ಮುಂಬಯಿಯ ತರಕಾರಿ ಮಾರುಕಟ್ಟೆಗಳಲ್ಲಿಯೂ ಮಳೆಗಾಲದಲ್ಲಿ ಅದರ ಕಟ್ಟುಗಳು ಬರುತ್ತವೆ. ಸಂಸ್ಕೃತದಲ್ಲಿ ಅದರ ಹೆಸರು ಚಕ್ರಮರ್ದ; ಅಂದರೆ ಚಕ್ರಾಕಾರದ ರೋಗವನ್ನು ಮರ್ದಿಸುವಂತಹುದು. ದದ್ರುಘ್ನವೆಂಬ ಇನ್ನೊಂದು ಹೆಸರೂ ಅದಕ್ಕಿದೆ. ಬೀಜವನ್ನು ಹುಳಿಮಜ್ಜಿಗೆಯಲ್ಲಿಯೋ ನಿಂಬೆರಸದಲ್ಲಿಯೋ ಅರೆದು ಹಚ್ಚುವುದು ವಾಡಿಕೆಯ ಚಿಕಿತ್ಸೆ. ಇದೇ ಬಳಗಕ್ಕೆ ಸೇರಿದ ಸೀಮೆ ಅಗಸೆ ಅಮೆರಿಕ ಖಂಡದಿಂದ ಬಂದ ಗಿಡ. ಹೆಸರಿನ ಮೊದಲಿರುವ ಸೀಮೆ ಎಂಬ ಪದವೇ ಅದರ ಪರದೇಶ ಮೂಲವನ್ನು ಹೇಳುತ್ತದೆ. ಅದರ ಎಲೆಯ ರಸವೂ ಇದೇ ರೋಗಕ್ಕೆ ಬಳಕೆಯಾಯಿತು. 1890ರಿಂದ 1893ರವರೆಗೆ ಪ್ರಕಟವಾದ ಫಾರ್ಮಕೊಗ್ರಾಫಿಯ ಇಂಡಿಕಾ ಎಂಬ ಬೃಹದ್ಗ್ರಂಥದ ಕರ್ತೃಗಳಲ್ಲಿ ಒಬ್ಬನಾದ ಮುಂಬಯಿಯ ವಿಲಿಯಂ ಡೈಮಾಕ್ ಇಂತಹ ಗಿಡಗಳ ದೇಶಭಾಷಾನಾಮಗಳನ್ನು ಕನ್ನಡವೂ ಸೇರಿದಂತೆ ಸಂಗ್ರಹಿಸಿ ಕೊಟ್ಟಿದ್ದಾನೆ.

ಹತ್ತೊಂಬತ್ತನೆಯ ಶತಮಾನದ ಮುಂಬಯಿಯಲ್ಲಿ ಗಜಕರ್ಣಕ್ಕೆ ಹೆಸರಾಗಿದ್ದ ಮದ್ದು ಮಾತ್ರ ಈ ಗಿಡಗಳದ್ದಾಗಿರಲಿಲ್ಲ. ಅದು ಗೋವಾ ಪುಡಿ ಎಂಬ ಹೆಸರಿನ, ಹಳದಿ ಮಿಶ್ರಿತ ಕಂದುಬಣ್ಣದ ಚೂರ್ಣ. ಗೋವೆಯ ಪೋರ್ಚುಗೀಸರ ಮೂಲಕ ಬರುತ್ತಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತ್ತು. ಅದು ಯಾವ ವಸ್ತುವಿನಿಂದ ಆದುದೆಂಬುದು ಮಾರುವವರಿಗೂ ತಿಳಿದಿರಲಿಲ್ಲ, ತಿಳಿದವರು ಹೇಳುತ್ತಿರಲಿಲ್ಲ. ಮುಂಬಯಿಯ ಔಷಧ ವ್ಯಾಪಾರಿ ಕೆಂಪ್ 1864ರಲ್ಲಿ ಈ ಪುಡಿಯ ಕಡೆಗೆ ಪಾಶ್ಚಾತ್ಯ ಔಷಧಶಾಸ್ತ್ರಜ್ಞರ ಗಮನ ಸೆಳೆದನು. 1874ರಲ್ಲಿ ಕಲ್ಕತ್ತೆಯ ವೈದ್ಯ ಫೇರರ್ ಅದರ ಗುಣವನ್ನು ಕುರಿತು ಬರೆದನು. ಆ ಬರಹವನ್ನು ಕಂಡ ಬ್ರೆಜಿಲಿನ ಬಾಹಿಯಾ ಪ್ರಾಂತದ ವೈದ್ಯ ದ ಸಿಲ್ವಾ ಲಿಮಾ 1875ರಲ್ಲಿ ಗುಟ್ಟನ್ನು ಬಯಲು ಮಾಡಿದನು. ಗೋವಾ ಪುಡಿಯು ಗೋವೆಯದ್ದಾಗಿರಲಿಲ್ಲ. ಬಾಹಿಯಾದ ಕಾಡುಗಳಲ್ಲಿ ಬೆಳೆಯುವ ಅರರೋಬ ಎಂಬ ಮರದ ಕಾಂಡದ ಬಿರುಕುಗಳಲ್ಲಿ ಶೇಖರವಾಗುವ ಪುಡಿಯೇ ಸಾಗರ ದಾಟಿ ಗೋವೆಗೂ ಅಲ್ಲಿಂದ ಮುಂಬಯಿಗೂ ಬರುತ್ತಿತ್ತು.

ಇದರ ಮುಂದಿನ ಕಥೆ ಇನ್ನೂ ಸ್ವಾರಸ್ಯಕರ. 1878ರಲ್ಲಿ ಲೀಬರ್‌ಮನ್ ಮತ್ತು ಸೈಡ್ಲರ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞರು ಪುಡಿಯ ಸಾರವನ್ನು ಬೇರ್ಪಡಿಸಿ ಅದಕ್ಕೆ ಕ್ರಿಸರೋಬಿನ್ ಎಂದು ಹೆಸರಿಟ್ಟರು. ಸುಮಾರು ಒಂದು ಶತಮಾನದ ಅನಂತರ, 1975ರಲ್ಲಿ, ಭಾರತೀಯ ಸಂಶೋಧಕರು ತಗಚೆ ಬೀಜದಲ್ಲಿ ಶಿಲೀಂಧ್ರವನ್ನು ತಡೆಯುವ ಮುಖ್ಯ ದ್ರವ್ಯವನ್ನು ಬೇರ್ಪಡಿಸಿದರು. ಅದು ಕ್ರೈಸೊಫ್ಯಾನಿಕ್ ಆಮ್ಲದ ಆಂಥ್ರೋನ್ ರೂಪ; ಎಂದರೆ ಕ್ರಿಸರೋಬಿನ್ನಿನ ಮುಖ್ಯ ಘಟಕವೇ. ಬ್ರೆಜಿಲಿನಿಂದ ಬಂದು ಗುಟ್ಟಾಗಿ ಮಾರಾಟವಾಗುತ್ತಿದ್ದ ಪುಡಿಯ ಸತ್ವವೂ ಬೇಲಿಬದಿಯ ತಗಚೆಯ ಸತ್ವವೂ ಒಂದೇ ಆಗಿತ್ತು. ಒಂದರ ಹೆಸರು ಅದರ ಉಪಯೋಗವನ್ನು ತೆರೆದು ತೋರಿಸುತ್ತಿತ್ತು. ಇನ್ನೊಂದರ ಹೆಸರು ಅದರ ಮೂಲವನ್ನು ಮರೆಮಾಚುತ್ತಿತ್ತು. ಬೆಲೆ ಬಂದದ್ದು ಎರಡನೆಯದಕ್ಕೆ. ಕ್ರಿಸರೋಬಿನ್ ಚರ್ಮವನ್ನು ಸುಡುವಷ್ಟು ತೀಕ್ಷ್ಣವಾಗಿದ್ದು ಬಟ್ಟೆಗೆ ಅಳಿಯದ ಕಲೆಯನ್ನೂ ಹಿಡಿಸುತ್ತಿದ್ದುದರಿಂದ ಅದು ಕ್ರಮೇಣ ಹಿಂದೆ ಸರಿಯಿತು.

3. ಮುಲಾಮಿನಿಂದ ಪ್ರತಿಜೀವಕಕ್ಕೆ: ಪಿಂಪರಿಯ ಅಧ್ಯಾಯ

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಆಸ್ಪತ್ರೆಗಳು ನೆಚ್ಚಿಕೊಂಡದ್ದು 1907ರಲ್ಲಿ ಲಂಡನ್ನಿನ ವಿಟ್‌ಫೀಲ್ಡ್ ರೂಪಿಸಿದ ಮುಲಾಮನ್ನು. ನೂರಕ್ಕೆ 6 ಭಾಗ ಬೆಂಜೋಯಿಕ್ ಆಮ್ಲ, 3 ಭಾಗ ಸ್ಯಾಲಿಸಿಲಿಕ್ ಆಮ್ಲ ಇರುವ ಈ ಅಗ್ಗದ ಮುಲಾಮು ಚರ್ಮದ ಮೇಲ್ಪದರವನ್ನು ಉದುರಿಸಿ ರೋಗವನ್ನು ತಗ್ಗಿಸುತ್ತಿತ್ತು. ಉಗುರಿನ ರೋಗಕ್ಕೆ ಅದು ನಿಷ್ಪ್ರಯೋಜಕ. ಕೈಬೆರಳಿನ ಉಗುರು ಪೂರ್ತಿ ಹೊಸದಾಗಿ ಬೆಳೆಯಲು ಸುಮಾರು ಆರು ತಿಂಗಳು, ಕಾಲ್ಬೆರಳಿನದಕ್ಕೆ ಒಂದರಿಂದ ಒಂದೂವರೆ ವರ್ಷ ಬೇಕು. ಆ ಗಟ್ಟಿ ಫಲಕದ ಅಡಿಯಲ್ಲಿ ಕುಳಿತ ಶಿಲೀಂಧ್ರವನ್ನು ಮೇಲಿನಿಂದ ಹಚ್ಚಿದ ಲೇಪ ಮುಟ್ಟಲಾರದು. ಹೋಟೆಲುಗಳ ಪಾತ್ರೆ ತೊಳೆಯುವ ತೊಟ್ಟಿಯ ಬಳಿ ದಿನವಿಡೀ ನೀರಿನಲ್ಲಿ ಕೈಯಿಟ್ಟು ದುಡಿಯುವವರಿಗೆ ಉಗುರಿನ ಬುಡ ಊದಿಕೊಂಡು ದೀರ್ಘಕಾಲ ಕಾಡುವ ಉಗುರುಸುತ್ತು ಒಂದು ವೃತ್ತಿರೋಗವೇ ಆಗಿದೆ. ಮುಂಬಯಿಯ ಹೋಟೆಲು ಉದ್ಯಮದಲ್ಲಿ ಕರಾವಳಿಯ ಕನ್ನಡಿಗರ ಪಾಲನ್ನು ನೆನೆದರೆ ಈ ರೋಗದ ಹೊರೆಯನ್ನು ಹೊತ್ತವರು ಯಾರೆಂಬುದು ಊಹಿಸಲು ಕಷ್ಟವಲ್ಲ.

ಈ ಕಾಲದಲ್ಲಿ ಮಹತ್ವದ ತಿರುವು ಬಂದದ್ದು ಮಣ್ಣಿನಿಂದ. 1950ರಲ್ಲಿ ಅಮೆರಿಕದ ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಮಣ್ಣಿನ ಸೂಕ್ಷ್ಮಜೀವಿಯಿಂದ ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕವನ್ನು ಪಡೆದ ಸಂಗತಿಯನ್ನು ಪ್ರಕಟಿಸಿದರು. ನಾಲ್ಕು ವರ್ಷಗಳ ಅನಂತರ, 1954ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಯುನಿಸೆಫ್ ನೆರವಿನಿಂದ ಪುಣೆಯ ಬಳಿಯ ಪಿಂಪರಿಯಲ್ಲಿ ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಎಂಬ ಸರಕಾರಿ ಕಾರ್ಖಾನೆ ಸ್ಥಾಪನೆಯಾಯಿತು. ಪೆನಿಸಿಲಿನ್ ತಯಾರಿಕೆ ಅದರ ಮೂಲ ಉದ್ದೇಶವಾಗಿದ್ದರೂ ಅಲ್ಲಿನ ಸಂಶೋಧನ ವಿಭಾಗ ತನ್ನದೇ ಹಾದಿಯನ್ನು ಕಂಡುಕೊಂಡಿತು. ಆ ವಿಭಾಗದ ಮುಖ್ಯಸ್ಥರಾಗಿದ್ದವರು ಡಾ. ಮಂಡಯಂ ಜೀರ್‌ಸನ್ನಿಧಿ ತಿರುಮಲಾಚಾರ್ (1914–1999).

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿದ್ದು ಬೆಳೆಗಳ ತುಕ್ಕುರೋಗ, ಕಾಡಿಗೆರೋಗಗಳನ್ನು ಅಭ್ಯಸಿಸಿದ ತಿರುಮಲಾಚಾರ್ಯರು ಬಿ. ಬಿ. ಮುಂಡ್ಕೂರರೊಡನೆ 1952ರಲ್ಲಿ ಭಾರತದ ಕಾಡಿಗೆ ಶಿಲೀಂಧ್ರಗಳ ಕುರಿತು ಪ್ರಮಾಣಗ್ರಂಥವನ್ನು ಪ್ರಕಟಿಸಿದ್ದರು. ರೈತನ ಹೊಲದ ಶಿಲೀಂಧ್ರವನ್ನು ಬಲ್ಲವರಾಗಿದ್ದ ಅವರು ಪಿಂಪರಿಯಲ್ಲಿ ಮನುಷ್ಯನ ದೇಹದ ಶಿಲೀಂಧ್ರಕ್ಕೆ ಮದ್ದನ್ನು ಅರಸಿದರು. ಅವರೂ ಅವರ ಸಹೋದ್ಯೋಗಿಗಳೂ 1961ರಲ್ಲಿ ಹ್ಯಾಮೈಸಿನ್ ಎಂಬ ಹೊಸ ಪ್ರತಿಜೀವಕವನ್ನು ಸಂಸ್ಥೆಯ ಬುಲೆಟಿನ್ನಿನಲ್ಲಿ ಪ್ರಕಟಿಸಿದರು. ಹಿಂದೂಸ್ತಾನ್ ಆಂಟಿಬಯಾಟಿಕ್ಸ್ ಎಂಬುದರ ಮೊದಲಕ್ಷರಗಳು ಔಷಧದ ಹೆಸರಿನಲ್ಲಿಯೂ, ಪಿಂಪರಿಯ ಹೆಸರು ಅದನ್ನು ನೀಡಿದ ಸೂಕ್ಷ್ಮಜೀವಿಯಾದ ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾದಲ್ಲಿಯೂ ಉಳಿದಿವೆ. 1962ರಲ್ಲಿ ಚರ್ಮದ ಶಿಲೀಂಧ್ರಗಳ ಮೇಲೆ ಕೆಲಸ ಮಾಡುವ ಡರ್ಮೊಸ್ಟಾಟಿನ್, 1964ರಲ್ಲಿ ಬೆಳೆಗಳ ರೋಗಕ್ಕೆ ಆರಿಯೊಫಂಜಿನ್ ಹೊರಬಂದವು. ಸಸ್ಯರೋಗತಜ್ಞರೊಬ್ಬರಿಗೆ 1967ರ ಭಟ್ನಾಗರ್ ಪ್ರಶಸ್ತಿ ವೈದ್ಯವಿಜ್ಞಾನ ವಿಭಾಗದಲ್ಲಿ ದೊರೆತುದು ಈ ಸಾಧನೆಯ ವೈಶಿಷ್ಟ್ಯವನ್ನು ಸೂಚಿಸುತ್ತದೆ.

ಹ್ಯಾಮೈಸಿನ್ ಬಾಯಿಹುಣ್ಣು, ಕಿವಿಯ ಹಾಗೂ ಯೋನಿಯ ಶಿಲೀಂಧ್ರ ರೋಗಗಳಿಗೆ ಬಳಕೆಯಾಯಿತು. ದೇಹದ ಒಳಗಿನ ಶಿಲೀಂಧ್ರ ರೋಗಗಳಿಗಾಗಿ ಅಮೆರಿಕದಲ್ಲಿಯೂ ಅದರ ಪರೀಕ್ಷೆ ನಡೆಯಿತು. ಆದರೆ ಗಜಕರ್ಣಕ್ಕೂ ಉಗುರಿಗೂ ಅದು ಮನೆಮಾತಾದ ಮದ್ದಾಗಲಿಲ್ಲ. ಪಾಲಿಯೀನ್ ಎಂಬ ಈ ವರ್ಗದ ಅಣುಗಳು ಗಾತ್ರದಲ್ಲಿ ದೊಡ್ಡವು, ನೀರಿನಲ್ಲಿ ಕರಗುವುದು ಕಷ್ಟ, ಉಗುರಿನೊಳಗೆ ಇಳಿಯಲಾರವು. ಉಗುರನ್ನು ಮೊದಲು ಒಳಗಿನಿಂದ ತಲುಪಿದ್ದು ಗ್ರಿಸಿಯೊಫುಲ್ವಿನ್ ಮಾತ್ರೆ. 1939ರಲ್ಲಿಯೇ ಲಂಡನ್ನಿನಲ್ಲಿ ಬೇರ್ಪಡಿಸಲಾಗಿದ್ದ ಅದರ ವೈದ್ಯಕೀಯ ಉಪಯೋಗ ತಿಳಿದದ್ದು 1958ರಲ್ಲಿ. ಹೊಸದಾಗಿ ಹುಟ್ಟುವ ಉಗುರಿನಲ್ಲಿ ಸೇರಿಕೊಂಡು ಅದು ಶಿಲೀಂಧ್ರದ ಬೆಳವಣಿಗೆಯನ್ನು ತಡೆಯುತ್ತದೆ. ಆದುದರಿಂದ ಹಳೆಯ ಉಗುರು ಪೂರ್ತಿ ಹೋಗುವವರೆಗೆ, ಕೆಲವೊಮ್ಮೆ ವರ್ಷಕ್ಕೂ ಮಿಕ್ಕಿ, ಮಾತ್ರೆ ನುಂಗಬೇಕಾಗುತ್ತಿತ್ತು. ದಿನಗೂಲಿಯವರಿಗೆ ಅಂತಹ ಚಿಕಿತ್ಸೆ ಎಟುಕುವಂತಹುದಾಗಿರಲಿಲ್ಲ.

4. ಗೋರೆಗಾಂವ್ ಮತ್ತು ಮುಲುಂದ್

1963ರ ಮಾರ್ಚ್ ತಿಂಗಳಲ್ಲಿ ಪ್ರಧಾನಿ ನೆಹರೂ ಅವರು ಗೋರೆಗಾಂವಿನಲ್ಲಿ ಸ್ವಿಸ್ ಕಂಪನಿಯಾದ ಸೀಬಾದ ಸಂಶೋಧನ ಕೇಂದ್ರವನ್ನು ಉದ್ಘಾಟಿಸಿದರು. ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದ ರಸಾಯನಶಾಸ್ತ್ರಜ್ಞ ಟಿ. ಆರ್. ಗೋವಿಂದಾಚಾರಿ ಅದರ ನಿರ್ದೇಶಕರಾದರು. ಅಲ್ಲಿ ರೂಪುಗೊಂಡ ದ್ರವ್ಯಗಳ ಸಂಕೇತದ ಕೊನೆಗೆ ‘ಗೋ’ ಎಂಬ ಅಕ್ಷರ ಸೇರಿಸುವ ಪದ್ಧತಿಯಿತ್ತು; ಬಾಸೆಲ್ ನಗರದ್ದಕ್ಕೆ ‘ಬಾ’, ಗೋರೆಗಾಂವಿನದ್ದಕ್ಕೆ ‘ಗೋ’. ಖಿನ್ನತೆಗೆ ಬಳಸುವ ಸಿಂಟಾಮಿಲ್, ಅಮೀಬಾ ರೋಗಕ್ಕೆ ಬಳಸುವ ಸಾಟ್ರನಿಡಜೋಲ್ ಈ ಕೇಂದ್ರದ ಹೆಸರಾಂತ ಕೊಡುಗೆಗಳು. ಚರ್ಮರೋಗದ ಕ್ಷೇತ್ರದಲ್ಲಿ ಸೀಬಾದ ಹೆಸರನ್ನು ಹರಡಿದ್ದು ಮಾತ್ರ ಬಾಸೆಲಿನಲ್ಲಿ ಬಹು ಹಿಂದೆಯೇ ತಯಾರಾಗಿದ್ದ ವಯೊಫಾರ್ಮ್. ಬ್ಯಾಕ್ಟೀರಿಯ ಹಾಗೂ ಶಿಲೀಂಧ್ರಗಳೆರಡನ್ನೂ ತಡೆಯುವ ಈ ದ್ರವ್ಯವನ್ನು ಮುಂದೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡಿನೊಡನೆ ಬೆರೆಸಿ ಕ್ರೀಮಾಗಿ ಮಾರಲಾಯಿತು. ಶಿಲೀಂಧ್ರನಾಶಕವನ್ನೂ ಸ್ಟೀರಾಯ್ಡನ್ನೂ ಒಂದೇ ಕೊಳವೆಯಲ್ಲಿ ತುಂಬುವ ಈ ವಾಡಿಕೆ ಮುಂದೆ ತಳೆದ ರೂಪವನ್ನು ಕೆಳಗೆ ನೋಡಲಿದ್ದೇವೆ.

ಬೋರಿವಲಿಯ ಅರಣ್ಯದ ಆಚೆ ಬದಿಯಲ್ಲಿರುವ ಮುಲುಂದಿನಲ್ಲಿ ಹೆಕ್ಸ್ಟ್ ಕಂಪನಿಯ ಸಂಶೋಧನ ಕೇಂದ್ರವಿತ್ತು. ಅಲ್ಲಿನ ವಿಜ್ಞಾನಿಗಳು 1987ರಲ್ಲಿ ಹೊಸ ಶಿಲೀಂಧ್ರನಾಶಕವೊಂದನ್ನು ಪ್ರಕಟಿಸಿ ಅದಕ್ಕೆ ಮುಲುಂಡೊಕ್ಯಾಂಡಿನ್ ಎಂದು ಹೆಸರಿಟ್ಟರು. ಅದು ಮಾರುಕಟ್ಟೆಗೆ ಬರಲಿಲ್ಲ. ಆದರೂ ಮುಂಬಯಿಯ ಉಪನಗರವೊಂದರ ಹೆಸರು ಜಗತ್ತಿನ ರಸಾಯನಕೋಶದಲ್ಲಿ ಸೇರಿತು.

ಅಷ್ಟರಲ್ಲಿ ಚಿಕಿತ್ಸೆಯ ಸ್ವರೂಪವೇ ಬದಲಾಗಿತ್ತು. 1969ರ ಸುಮಾರಿಗೆ ಜರ್ಮನಿಯಲ್ಲಿ ಕ್ಲೊಟ್ರಿಮಜೋಲ್, ಬೆಲ್ಜಿಯಮ್ಮಿನಲ್ಲಿ ಮೈಕೊನಜೋಲ್ ಬಂದವು. ಮುಂದಿನ ದಶಕಗಳಲ್ಲಿ ಕೀಟೊಕೊನಜೋಲ್, ಫ್ಲೂಕೊನಜೋಲ್, ಇಟ್ರಾಕೊನಜೋಲ್ ಬಂದವು. ವಿಯೆನ್ನಾದ ಸ್ಯಾಂಡೋಜ್ ಪ್ರಯೋಗಾಲಯದಲ್ಲಿ ರೂಪುಗೊಂಡ ಟರ್ಬಿನಾಫಿನ್ 1991ರಲ್ಲಿ ಯುರೋಪಿನಲ್ಲಿ ಬಳಕೆಗೆ ಬಂದು ಉಗುರಿನ ಚಿಕಿತ್ಸೆಯನ್ನು ಸುಲಭಗೊಳಿಸಿತು. ಶಿಲೀಂಧ್ರದ ಕೋಶಪೊರೆಗೆ ಅವಶ್ಯವಾದ ಎರ್ಗೊಸ್ಟೆರಾಲ್ ತಯಾರಾಗದಂತೆ ಮಾಡಿ, ದಾರಿಯಲ್ಲಿ ಶೇಖರವಾಗುವ ಸ್ಕ್ವಾಲೀನಿನಿಂದಲೇ ಅದನ್ನು ಕೊಲ್ಲುವ ಈ ಮದ್ದನ್ನು ದಿನಕ್ಕೆ 250 ಮಿಲಿಗ್ರಾಮಿನಂತೆ ಕೈಯುಗುರಿಗೆ 6 ವಾರ, ಕಾಲುಗುರಿಗೆ 12 ವಾರ ಕೊಟ್ಟರೆ ಸಾಕೆನಿಸಿತು. 1996ರಲ್ಲಿ ಸೀಬಾ-ಗೈಗಿ ಹಾಗೂ ಸ್ಯಾಂಡೋಜ್ ಕಂಪನಿಗಳು ಒಂದಾಗಿ ನೊವಾರ್ಟಿಸ್ ಆದಾಗ ಗೋರೆಗಾಂವಿನ ಸೀಬಾದ ವಂಶವೃಕ್ಷಕ್ಕೆ ಟರ್ಬಿನಾಫಿನ್ ಸೇರಿತು. ಔಷಧವಸ್ತುವಿನ ಮೇಲೆ ಪೇಟೆಂಟನ್ನು ಮಾನ್ಯ ಮಾಡದಿದ್ದ 1970ರ ಭಾರತೀಯ ಕಾಯಿದೆಯ ನೆರಳಿನಲ್ಲಿ ದೇಶದ ಕಂಪನಿಗಳು ಈ ಮದ್ದುಗಳನ್ನು ತಯಾರಿಸಿ ಅಗ್ಗದ ಬೆಲೆಗೆ ಕೊಟ್ಟವು. 2005ರಲ್ಲಿ ಆ ವ್ಯವಸ್ಥೆ ಬದಲಾಗುವ ವೇಳೆಗೆ ಗಜಕರ್ಣದ ಮದ್ದು ಬಡವನ ಕೈಗೂ ಸಿಗುವಂತಾಗಿತ್ತು.

5. ವೇಷ ಮರೆಸಿದ ರೋಗ

ಇಷ್ಟೆಲ್ಲ ಸಾಧನೆಯಾದ ಮೇಲೆ ರೋಗ ಇಳಿಮುಖವಾಗಬೇಕಾಗಿತ್ತು. ಕಳೆದ ದಶಕದಲ್ಲಿ ಭಾರತದ ಚರ್ಮವೈದ್ಯರು ಕಂಡದ್ದು ಇದಕ್ಕೆ ವಿರುದ್ಧವಾದ ಸ್ಥಿತಿ. ಮೈತುಂಬ ಹಬ್ಬುವ, ಮನೆಮಂದಿಗೆಲ್ಲ ಹರಡುವ, ಗುಣವಾಗಿ ಮತ್ತೆ ಮರುಕಳಿಸುವ ಗಜಕರ್ಣ ಸಾಮಾನ್ಯವಾಯಿತು. ಇದರ ಕಾರಣಗಳಲ್ಲಿ ಮುಖ್ಯವಾದುದೊಂದು ಔಷಧದಂಗಡಿಯಲ್ಲಿ ಚೀಟಿಯಿಲ್ಲದೆ ದೊರೆಯುತ್ತಿದ್ದ ಮಿಶ್ರಣದ ಕ್ರೀಮು. ಶಿಲೀಂಧ್ರನಾಶಕ, ಬ್ಯಾಕ್ಟೀರಿಯನಾಶಕಗಳ ಜೊತೆಗೆ ಕ್ಲೊಬೆಟಾಸಾಲ್‌ನಂತಹ ಪ್ರಬಲ ಸ್ಟೀರಾಯ್ಡ್ ಅದರಲ್ಲಿರುತ್ತದೆ. ಹೈಡ್ರೊಕಾರ್ಟಿಸೋನ್ ಸೌಮ್ಯವಾದುದು, ಕ್ಲೊಬೆಟಾಸಾಲ್ ಆ ವರ್ಗದಲ್ಲೇ ಅತ್ಯಂತ ತೀವ್ರವಾದುದು. ಹಚ್ಚಿದ ಎರಡು ಮೂರು ದಿನಗಳಲ್ಲಿ ತುರಿಕೆ ನಿಲ್ಲುತ್ತದೆ, ಕೆಂಪು ಮಾಯವಾಗುತ್ತದೆ. ಚರ್ಮದ ಪ್ರತಿರೋಧ ಕುಗ್ಗಿದುದರಿಂದ ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ನಿಲ್ಲಿಸಿದೊಡನೆ ಇಮ್ಮಡಿಯಾಗಿ ಮರಳುತ್ತದೆ. ಬಳಸುವವನು ಇನ್ನೊಂದು ಕೊಳವೆ ಕೊಳ್ಳುತ್ತಾನೆ. ಚಕ್ರಾಕಾರದ ಅಂಚು ಅಳಿಸಿಹೋಗಿ ವೈದ್ಯನೂ ಗುರುತಿಸಲಾರದಂತಾಗುವ ಈ ಸ್ಥಿತಿಯನ್ನು 1968ರಲ್ಲಿಯೇ ಇಂಗ್ಲೆಂಡಿನ ಐವ್ ಮತ್ತು ಮಾರ್ಕ್ಸ್ ವರ್ಣಿಸಿ, ವೇಷ ಮರೆಸಿಕೊಂಡ ಗಜಕರ್ಣ ಎಂಬ ಅರ್ಥದ ಹೆಸರಿಟ್ಟಿದ್ದರು.

ಚರ್ಮವೈದ್ಯರ ಸಂಘದ ಒತ್ತಾಯದ ಬಳಿಕ 2018ರಲ್ಲಿ ಕೇಂದ್ರ ಸರಕಾರ ಚರ್ಮಕ್ಕೆ ಹಚ್ಚುವ 14 ಸ್ಟೀರಾಯ್ಡುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂಬ ಪಟ್ಟಿಗೆ ಸೇರಿಸಿತು. ಅಷ್ಟರಲ್ಲಿ ಶಿಲೀಂಧ್ರವೂ ಬದಲಾಗಿತ್ತು. ಭಾರತ ಹಾಗೂ ನೇಪಾಳ ಮೂಲದ ರೋಗಿಗಳಿಂದ ಪಡೆದ, ಟರ್ಬಿನಾಫಿನ್‌ಗೆ ಮಣಿಯದ ಪ್ರಭೇದವೊಂದನ್ನು 2020ರಲ್ಲಿ ಜಪಾನಿನ ಸಂಶೋಧಕರು ಟ್ರೈಕೊಫೈಟಾನ್ ಇಂಡೊಟಿನಿಯೇ ಎಂದು ಹೆಸರಿಸಿದರು. ಮದ್ದು ತಡೆಯಬೇಕಾದ ಕಿಣ್ವದಲ್ಲಿ ಒಂದು ಅಮೈನೊ ಆಮ್ಲ ಬದಲಾದರೆ ಸಾಕು, ಮದ್ದು ಅಲ್ಲಿ ಹಿಡಿತ ಕಳೆದುಕೊಳ್ಳುತ್ತದೆ. 2023ರಲ್ಲಿ ನ್ಯೂಯಾರ್ಕಿನಲ್ಲಿಯೂ ಈ ಪ್ರಭೇದದ ರೋಗಿಗಳು ವರದಿಯಾದರು. ವಸಾಹತುಕಾಲದ ಇಂಗ್ಲಿಷರು ತೊಡೆಸಂದಿಯ ಗಜಕರ್ಣವನ್ನು ಧೋಬಿ ತುರಿಕೆಯೆಂದು ಕರೆದು ಬಟ್ಟೆ ಒಗೆಯುವವರ ಮೇಲೆ ದೋಷ ಹೊರಿಸಿದ್ದರು. ಈಗ ರೋಗಾಣುವಿನ ಹೆಸರಿನಲ್ಲಿ ದೇಶದ ಹೆಸರೇ ಸೇರಿದೆ.

6. ಸಮಾರೋಪ

ಮೇಲಿನ ವಿವೇಚನೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. 1864ರ ಮುಂಬಯಿಯಲ್ಲಿ ಗೋವಾ ಪುಡಿಯನ್ನು ಕೊಂಡವನಿಗೆ ಅದರೊಳಗೇನಿದೆಯೆಂದು ತಿಳಿದಿರಲಿಲ್ಲ. ಗೋರೆಗಾಂವಿನ ಅಂಗಡಿಯಲ್ಲಿ ಗಜಕರ್ಣದ ಕ್ರೀಮೆಂದು ಕೇಳಿ ಮಿಶ್ರಣದ ಕೊಳವೆಯನ್ನು ಪಡೆಯುವ ಕಾರ್ಮಿಕನಿಗೂ ತಿಳಿಯುವುದಿಲ್ಲ. ಘಟಕಗಳ ಹೆಸರುಗಳು ಕೊಳವೆಯ ಮೇಲೆ ಅಚ್ಚಾಗಿರುತ್ತವೆ ನಿಜ. ಅವು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರಗಳಲ್ಲಿ ಇರುತ್ತವೆ. ಈ ಎರಡು ಕಾಲಗಳ ನಡುವೆ ಪಿಂಪರಿಯಲ್ಲಿ ನಡೆದ ಕೆಲಸದ ರೀತಿ ಬೇರೆಯಾಗಿತ್ತು. ಅಲ್ಲಿ ಸೂಕ್ಷ್ಮಜೀವಿಯ ಮೂಲ, ಔಷಧದ ಗುಣ, ಮಿತಿ ಎಲ್ಲವನ್ನೂ ಸಂಸ್ಥೆಯ ಬುಲೆಟಿನ್ನಿನಲ್ಲಿ ಬಹಿರಂಗವಾಗಿ ಪ್ರಕಟಿಸಲಾಯಿತು. ವಿಜ್ಞಾನ ತೆರೆದಿಟ್ಟುದನ್ನು ವ್ಯಾಪಾರ ಮತ್ತೆ ಮುಚ್ಚಿತೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಇಲ್ಲಿ ಭಾಷಾಧ್ಯಯನಕ್ಕೂ ಒಂದು ಹೊಣೆಯಿದೆ. ಕಜ್ಜಿ, ಇಸುಬು, ಗಜಕರ್ಣ, ಸಿಬ್ಬಗಳನ್ನು ಒಂದೇ ಎಂದು ಬಗೆಯುವವರೆಗೆ ಒಂದರ ಮದ್ದನ್ನು ಇನ್ನೊಂದಕ್ಕೆ ಹಚ್ಚುವುದು ತಪ್ಪದು. ಇಸುಬಿಗೆ ಹಿತವಾದ ಸ್ಟೀರಾಯ್ಡ್ ಗಜಕರ್ಣಕ್ಕೆ ಹಾನಿಕರ. ಕರಾವಳಿ, ಬಯಲುಸೀಮೆ, ಗಡಿನಾಡು ಹಾಗೂ ಹೊರನಾಡಿನ ಕನ್ನಡಿಗರು ಈ ರೋಗಗಳಿಗೆ ಬಳಸುವ ಪದಗಳನ್ನು ಸಂಗ್ರಹಿಸಿ, ಪ್ರತಿಯೊಂದಕ್ಕೂ ವೈದ್ಯಕೀಯ ಅರ್ಥವನ್ನು ನಿರ್ದೇಶಿಸಿ ಕೋಶವೊಂದನ್ನು ಸಿದ್ಧಪಡಿಸುವುದು ಅಗತ್ಯ. ಚರ್ಮವೈದ್ಯರ ನೆರವಿನಿಂದ, ಗೋರೆಗಾಂವಿನಂತಹ ಬಹುಭಾಷಿಕ ನೆಲೆಯಲ್ಲಿ, ಮರಾಠಿ ತುಳು ಕೊಂಕಣಿ ಪದಗಳನ್ನೂ ಕೂಡಿಸಿಕೊಂಡು ಇಂತಹ ಕಾರ್ಯವನ್ನು ಕೈಗೊಂಡರೆ ಅದು ನಿಘಂಟುಶಾಸ್ತ್ರಕ್ಕೂ ಜನಾರೋಗ್ಯಕ್ಕೂ ಸಮಾನವಾಗಿ ಉಪಯುಕ್ತವಾಗುವುದು.